ಅಡುಗೆಮನೆ ಕಟ್ಟೆಯ ‘ಬ್ಲಾಕ್ ಗ್ರಾನೈಟ್’ ಗ್ರಾನೈಟೇ ಅಲ್ವಂತೆ, ಹೌದಾ? ಕಲ್ಲಿನ ಜಾತಿ ಹೇಗೆ ಗುರುತಿಸೋದು?

ತುಮಕೂರು_ಅಮ್ಮ · ಶನಿವಾರ ರಾತ್ರಿ 9:12

ಎಲ್ರಿಗೂ ನಮಸ್ಕಾರ. ಹೊಸ ಮನೆ ಕೆಲಸ ನಡೀತಿದೆ, ಅಡುಗೆಮನೆ ಕಟ್ಟೆಗೆ ಬ್ಲಾಕ್ ಗ್ರಾನೈಟ್, ಶೆಲ್ಫಿಗೆ ಕಡಪಾ ಕಲ್ಲು, ಹಿತ್ತಲಿಗೆ ಶಾಬಾದಿ ಕಲ್ಲು ತರಿಸಿದೀವಿ. ನಮ್ಮ ಮಗಳು ಏಳನೇ ಕ್ಲಾಸು, ಪಾಠದಲ್ಲಿ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಓದ್ತಿದಾಳೆ. ನಿನ್ನೆ ಕಟ್ಟೆ ಕಲ್ಲಿನ ಮೇಲೆ ಕೈ ಆಡಿಸ್ಕೊಂಡು ನಿಂತವಳು ಅಮ್ಮಾ ಗ್ರಾನೈಟಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರದ ಕಾಳುಗಳು ಬರೀ ಕಣ್ಣಿಗೇ ಕಾಣ್ಬೇಕು ಅಂತ ಪುಸ್ತಕದಲ್ಲಿದೆ, ಇದು ಎಲ್ಲಾ ಒಂದೇ ಕಪ್ಪು, ಇದು ಹೇಗೆ ಗ್ರಾನೈಟು ಅಂದ್ಲು. ಅಂಗಡಿಯವರಿಗೆ ಫೋನ್ ಮಾಡಿದ್ರೆ ಪ್ಯೂರ್ ಗ್ರಾನೈಟ್ ಮೇಡಂ, ಡೌಟೇ ಬೇಡ ಅಂತಾರೆ. ನಮ್ಮ ಮನೆಯವರು ಸುಮ್ನಿರಿ ಕಲ್ಲು ಕಲ್ಲೇ ಅಂದ್ರು. ಆದ್ರೆ ಮಗು ಕೇಳಿದ್ದು ಸರಿಯಾದ ಪ್ರಶ್ನೆ ಅನ್ನಿಸ್ತು, ನನ್ ಹತ್ರ ಉತ್ತರ ಇರ್ಲಿಲ್ಲ. ಗೊತ್ತಿರೋರು ಹೇಳಿ. ಇನ್ನೊಂದು, ಮನೇಲಿರೋ ಈ ಮೂರು ಕಲ್ಲು ಪುಸ್ತಕದ ಮೂರು ಜಾತೀಲಿ ಯಾವ್ಯಾವುದಕ್ಕೆ ಸೇರುತ್ತೆ?

ಸೈಟ್_ಸೂಪರ್‌ವೈಸರ್ · 9:31

ಮೇಡಂ ನಮ್ಮ ಲೈನಲ್ಲಿ ಗಟ್ಟಿ ಇರೋದು, ಪಾಲಿಶ್ ಹಿಡಿಯೋದು, ಆಸಿಡ್‌ಗೆ ಜಗ್ಗದೆ ಇರೋದು ಎಲ್ಲಾನೂ ಗ್ರಾನೈಟೇ. ಮೆತ್ತಗಿದ್ದು ಪಾಲಿಶ್ ಹಿಡಿದ್ರೆ ಮಾರ್ಬಲ್. ಪಾಲಿಶ್ ಇಲ್ದೆ ಹಾಸೋದು ಚಪ್ಪಡಿ. ಹದಿನೈದು ವರ್ಷದಿಂದ ಹಂಗೇ ನಡೀತಿದೆ. ಕಟ್ಟೆಗೆ ಆ ಕಲ್ಲು ಚೆನ್ನಾಗೇ ಬಾಳಿಕೆ ಬರುತ್ತೆ, ತಲೆ ಕೆಡಿಸ್ಕೋಬೇಡಿ.

ಕೋಲಾರ_ಕೆಂಪಣ್ಣ · 9:40

ತಲೆ ಕೆಡಿಸ್ಕೋಬೇಡಿ ಅಂದ್ರೆ ಹೇಗೆ ಸ್ವಾಮಿ, ಬಿಲ್ಲಲ್ಲಿ ಗ್ರಾನೈಟ್ ಅಂತ ಬರೆದು ಬೇರೆ ಕಲ್ಲು ಕೊಟ್ರೆ ಅದು ಮೋಸ ತಾನೇ. ಮೇಡಂ ವಾಪಸ್ ಕಳಿಸಿ.

ಭೂಗರ್ಭ_ಮೇಷ್ಟ್ರು · 10:25

ವಾಪಸ್ ಕಳಿಸೋದೇನೂ ಬೇಡಮ್ಮ. ಮೋಸ ಅಲ್ಲ ಅದು. ವ್ಯಾಪಾರದ ಹೆಸರು ಬೇರೆ, ಶಾಸ್ತ್ರದ ಹೆಸರು ಬೇರೆ, ಅಷ್ಟೇ. ಆದ್ರೆ ನಿಮ್ಮ ಮಗಳು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮೂವತ್ತು ವರ್ಷ ಕಾಲೇಜಲ್ಲಿ ಭೂವಿಜ್ಞಾನ ಪಾಠ ಮಾಡಿದವನು, ಪುಸ್ತಕ ಬಿಟ್ಟು ಕಲ್ಲನ್ನೇ ನೋಡಿ ಪ್ರಶ್ನೆ ಕೇಳೋ ಮಕ್ಕಳು ಸಿಕ್ಕಿದ್ದು ಕಮ್ಮಿ, ಆ ಹುಡುಗಿಗೆ ನನ್ನ ಕಡೆಯಿಂದ ಶಾಭಾಷ್ ಹೇಳಿ.

ನಮ್ಮ ಕಡೆ ಚಾಮರಾಜನಗರ, ಕನಕಪುರ ಭಾಗದಿಂದ ಬರೋ ಅಚ್ಚ ಕಪ್ಪು ಕಲ್ಲು ಸಾಮಾನ್ಯವಾಗಿ ಡಾಲರೈಟ್. ಗ್ರಾನೈಟೂ ಅಗ್ನಿಶಿಲೆ, ಡಾಲರೈಟೂ ಅಗ್ನಿಶಿಲೆ, ಎರಡೂ ಕರಗಿದ ಶಿಲಾರಸ ಆರಿ ಗಟ್ಟಿಯಾಗಿದ್ದೇ. ಆದ್ರೆ ರಸದ ಗುಣ ಬೇರೆ, ಆರಿದ ಜಾಗವೂ ಬೇರೆ. ಗ್ರಾನೈಟಿನ ರಸದಲ್ಲಿ ಸಿಲಿಕಾ ಜಾಸ್ತಿ, ಅದಕ್ಕೇ ಅದರಲ್ಲಿ ಬೆಣಚು ಕಟ್ಟುತ್ತೆ, ಬಣ್ಣ ತಿಳಿ. ಡಾಲರೈಟಿನ ರಸದಲ್ಲಿ ಕಬ್ಬಿಣ, ಮೆಗ್ನೀಶಿಯಂ ಜಾಸ್ತಿ, ಸಿಲಿಕಾ ಕಮ್ಮಿ, ಅದಕ್ಕೆ ಪೈರಾಕ್ಸೀನ್ ಅನ್ನೋ ಕಪ್ಪು ಖನಿಜ ತುಂಬ್ಕೊಂಡಿರುತ್ತೆ, ಬೆಣಚು ಇಲ್ಲ ಅಂದ್ರೂ ನಡಿಯುತ್ತೆ. ಒಂದು ಕಲ್ಲನ್ನ ಗ್ರಾನೈಟ್ ಅಂತ ಕರೀಬೇಕಾದ್ರೆ ಇಂಥದ್ದೇ ಲೆಕ್ಕ ಅಂತ ಜಗತ್ತಿನ ಭೂವಿಜ್ಞಾನಿಗಳೆಲ್ಲ ಒಪ್ಪಿಕೊಂಡಿದಾರೆ. ಅದರ ಬೆಣಚು ಮತ್ತು ಎರಡು ತರದ ಫೆಲ್ಡ್‌ಸ್ಪಾರ್, ಈ ಮೂರನ್ನಷ್ಟೇ ಕೂಡಿಸಿ ನೂರು ಅಂತಿಟ್ಕೊಂಡ್ರೆ ಅದರಲ್ಲಿ ಬೆಣಚು 20ರಿಂದ 60ರ ಒಳಗೆ ಬರ್ಬೇಕು. ನಿಮ್ಮ ಕಟ್ಟೆ ಕಲ್ಲು ಆ ಲೆಕ್ಕದ ಹತ್ರಾನೂ ಬರಲ್ಲ.

ಇನ್ನು ಕಾಳಿನ ಗಾತ್ರ. ಕಲ್ಲುಸಕ್ಕರೆ ಮಾಡೋದು ನೋಡಿದೀರಲ್ಲ, ಪಾಕವನ್ನ ಅಲುಗಾಡಿಸದೆ ದಿನಗಟ್ಟಲೆ ಬಿಟ್ರೆ ದಪ್ಪ ದಪ್ಪ ಹರಳು ಕಟ್ಟುತ್ತೆ, ಅದೇ ಪಾಕವನ್ನ ಬಾಣಲೇಲಿ ಕೈಯಾಡಿಸಿ ಬೇಗ ಆರಿಸಿದ್ರೆ ಪುಡಿಪುಡಿ. ಶಿಲಾರಸವೂ ಹಾಗೇ. ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಕಂಬಳಿ ಹೊದ್ದು ಲಕ್ಷಾಂತರ ವರ್ಷ ನಿಧಾನಕ್ಕೆ ಆರಿದ್ರೆ ಹರಳುಗಳು ದಪ್ಪ. ನೆಲದ ಮೇಲೆ ಲಾವಾ ಆಗಿ ಹರಿದ್ರೆ ಬೇಗ ಆರಿ ಹರಳು ಕಣ್ಣಿಗೇ ಕಾಣದಷ್ಟು ಸಣ್ಣ. ನಿಮ್ಮ ಕಲ್ಲಿನ ರಸ ಆಳದಲ್ಲಿ ಆರಿದ್ರೆ ಅದಕ್ಕೆ ಗ್ಯಾಬ್ರೋ ಅಂತ ಹೆಸರು, ಭೂಮಿಯ ಬಿರುಕಿನೊಳಗೆ ಗೋಡೆ ಹಾಗೆ ನಿಂತು ಆರಿದ್ರೆ ಡಾಲರೈಟ್, ಮೇಲೆ ಹರಿದು ಆರಿದ್ರೆ ಬಸಾಲ್ಟ್. ರಸ ಒಂದೇ, ಹೆಸರು ಮೂರು. ಗ್ರಾನೈಟಿನ ರಸಕ್ಕೂ ಹಾಗೇ, ಮೇಲೆ ಹರಿದು ಆರಿದ್ರೆ ಅದು ರಯೋಲೈಟ್. ಹೀಗಾಗಿ ಅಗ್ನಿಶಿಲೆಗೆ ಹೆಸರಿಡುವಾಗ ಎರಡೇ ಪ್ರಶ್ನೆ ಕೇಳ್ತೀವಿ, ಯಾವ ಖನಿಜ ಎಷ್ಟಿದೆ, ಹರಳು ಎಷ್ಟು ದಪ್ಪ. ಬಣ್ಣ ಬರೀ ಸುಳಿವು ಕೊಡುತ್ತೆ, ಅಷ್ಟರಿಂದ್ಲೇ ಹೆಸರಿಡಕ್ಕೆ ಬರಲ್ಲ.

ಬೆಂಗಳೂರು ಸುತ್ತಮುತ್ತ ಹೊಲಗಳ ನಡುವೆ ಕಪ್ಪು ಗುಂಡುಗಳ ಸಾಲು ಗೆರೆ ಎಳೆದ ಹಾಗೆ ಮೈಲಿಗಟ್ಟಲೆ ಹೋಗಿರೋದು ನೋಡಿದ್ರೆ ಅದೇ ಆ ಬಿರುಕಿನ ಕಲ್ಲು, ಡೈಕ್ ಅಂತೀವಿ. ಅವುಗಳಲ್ಲಿ ಎಷ್ಟೋ ಸುಮಾರು 237 ಕೋಟಿ ವರ್ಷದ ಹಿಂದಿನವು. ನಿಮ್ಮ ಕಟ್ಟೆ ಕಲ್ಲೂ ಅಂಥ ಒಂದು ಡೈಕಿನಿಂದ ಕೊಯ್ದು ತಂದಿದ್ದಿರಬಹುದು.

ತುಮಕೂರು_ಅಮ್ಮ · 10:48

ಮೇಷ್ಟ್ರೇ ತುಂಬಾ ಥ್ಯಾಂಕ್ಸ್, ಮಗಳಿಗೆ ಓದಿ ಹೇಳಿದೆ, ಕಲ್ಲುಸಕ್ಕರೆ ಅಂದ ತಕ್ಷಣ ಅರ್ಥ ಆಯ್ತು ಅವಳಿಗೆ. ಮನೇಲೇ ಖಚಿತ ಮಾಡ್ಕೊಳೋಕೆ ಏನಾದ್ರೂ ದಾರಿ ಇದ್ಯಾ?

ಭೂಗರ್ಭ_ಮೇಷ್ಟ್ರು · 11:02

ಸಿಂಕಿಗೆ ತೂತು ಕೊಯ್ದಾಗ ಬಿದ್ದ ತುಂಡು ಇಟ್ಕೊಂಡಿದೀರಾ? ಅದನ್ನ ಒಡೆಸಿ, ಪಾಲಿಶ್ ಇಲ್ಲದ ಹೊಸ ಮುಖ ಬೇಕು. ಬಿಸಿಲಲ್ಲಿ ಭೂತಗನ್ನಡಿ ಹಿಡಿದು ನೋಡಿ, ಸೂಜಿ ಹಾಗೆ ಸಣ್ಣ ಸಣ್ಣ ಬೂದು ಬಿಳಿ ಕಡ್ಡಿಗಳು ಅಡ್ಡಾದಿಡ್ಡಿ ಹೆಣೆದುಕೊಂಡಿದ್ದು ಸಂದಿಯಲ್ಲಿ ಕಪ್ಪು ತುಂಬಿದ್ರೆ ಡಾಲರೈಟ್. ಆ ಕಡ್ಡಿಗಳು ಫೆಲ್ಡ್‌ಸ್ಪಾರ್. ಇನ್ನೊಂದು, ಪುಟ್ಟ ಬಲವಾದ ಅಯಸ್ಕಾಂತವನ್ನ ದಾರಕ್ಕೆ ಕಟ್ಟಿ ಕಲ್ಲಿನ ಪಕ್ಕ ಇಳಿಬಿಡಿ, ಇದರಲ್ಲಿ ಮ್ಯಾಗ್ನೆಟೈಟ್ ಸ್ವಲ್ಪ ಇರೋದ್ರಿಂದ ದಾರ ಕಲ್ಲಿನ ಕಡೆ ವಾಲುತ್ತೆ. ತುಂಡು ಕೈಗೆತ್ಕೊಂಡ್ರೆ ಅದೇ ಗಾತ್ರದ ಬಿಳಿ ಗ್ರಾನೈಟಿಗಿಂತ ಭಾರ ಅನ್ಸುತ್ತೆ.

ಚಿನ್ನದ ಚುಕ್ಕಿ ಇರೋ ಬ್ಲಾಕ್ ಗ್ಯಾಲಕ್ಸಿ ಅಂತ ಬರುತ್ತಲ್ಲ, ಆಂಧ್ರದ ಪ್ರಕಾಶಂ ಜಿಲ್ಲೆಯ ಚೀಮಕುರ್ತಿಯದು, ಅದೂ ಗ್ರಾನೈಟಲ್ಲ, ಗ್ಯಾಬ್ರೋ ಮನೆತನದ್ದು. ಚಿನ್ನದ ಹಾಗೆ ಮಿನುಗೋದು ಬ್ರಾಂಜೈಟ್ ಅನ್ನೋ ಪೈರಾಕ್ಸೀನ್.

ಬಾಗಲಕೋಟಿ_ಮಂದಿ · ಭಾನುವಾರ ಬೆಳಿಗ್ಗೆ 7:15

ಅಕ್ಕಾರ, ಶಾಬಾದಿ ಕಲ್ಲಿನ ಬಗ್ಗೆ ನಾ ಹೇಳ್ತೀನ್ರಿ. ನಮ್ಮ ಕಡೆ ಅದಕ್ಕ ಪರಸಿ ಅಂತೀವಿ. ಅದು ಸುಣ್ಣದಕಲ್ಲು, ಭೀಮಾ ನದಿ ಕಡೆ ಶಹಾಬಾದ, ವಾಡಿ, ಸೇಡಂ ಭಾಗದಾಗ ಹಾಸಿಗಿ ಮಡಿಚಿಟ್ಟಂಗ ಪದರ ಪದರ ಕುಂತೈತಿ, ಅದಕ್ಕ ಅಲ್ಲೆ ಸಿಮೆಂಟ್ ಫ್ಯಾಕ್ಟರಿನೂ ಅಷ್ಟ್ ಅದಾವ್ರಿ, ಸುಣ್ಣದಕಲ್ಲ ಇಲ್ದ ಸಿಮೆಂಟ್ ಎಲ್ಲಿಂದ. ಪರಸಿ ತಗಿಯೋರು ಗರಗಸ ಹಾಕೂದಕ್ಕಿಂತ ಮೊದ್ಲ ಪದರಿನ ಸಂದಿಗೆ ಹಾರಿ ಹಾಕಿ ಎಬ್ಬಸ್ತಾರ, ಹಪ್ಪಳ ಎದ್ದಂಗ ಏಳ್ತೈತಿ. ಬ್ಯಾಸಿಗ್ಯಾಗ ಮಧ್ಯಾಹ್ನ ಪರಸಿ ಮ್ಯಾಲ ನೀರ ಚೆಲ್ಲಿ ಬರೇ ಮೈಲೆ ಮಲಗಿದ್ರ ಏಸಿ ಯಾಕ ಬೇಕ್ರಿ.

ಬಾದಾಮಿ ಗುಡ್ಡದ ಕೆಂಪ ಕಲ್ಲು ಮರಳುಕಲ್ಲು. ಗುಹಾ ಒಳಗ ಹೋದವ್ರು ಎಲ್ಲಾರೂ ಮೂರ್ತಿ ಅಷ್ಟ ನೋಡ್ತಾರ, ನಾ ಹೇಳೂದು ಒಂದ್ ಸಲ ಗ್ವಾಡಿ ನೋಡ್ರಿ, ಮೂರನೇ ಗುಹಾದ್ದು 578ನೇ ಇಸವಿ ಶಾಸನ ಐತಿ, ಆದ್ರ ಕಲ್ಲಿನ ಮ್ಯಾಲಿನ ಬರಹ ಅದಕ್ಕಿಂತ ಕೋಟಿಗಟ್ಟಲೆ ವರ್ಷ ಹಳೇದ್ರಿ. ಓರೆ ಓರೆ ಗೆರಿ, ಒಂದ್ ಕಟ್ಟು ಈ ಕಡೆ ವಾಲಿರ್ತೈತಿ, ಅದರ ಮ್ಯಾಲಿಂದು ಆ ಕಡೆ. ನೀರಿನ ಹರಿವು ಮರಳ ದಿಬ್ಬಾ ತಳ್ಕೊಂತ ಹೋದಂಗೆಲ್ಲ ಆ ಗೆರಿ ಬಿದ್ದಾವು, ಹರಿವು ತಿರುಗಿದಾಗ ಗೆರಿನೂ ತಿರುಗ್ಯಾವು. ಆ ಹೊಳಿ ಈಗಿಲ್ಲ, ಅದರ ದಾರಿ ಗ್ವಾಡ್ಯಾಗ ಉಳಕೊಂಡೈತಿ. ನಾ ಸಣ್ಣವಿದ್ದಾಗ ನಮ್ಮ ಸೋದರಮಾವ ಅಲ್ಲೆ ಕೈ ಹಿಡದು ನಿಲ್ಲಿಸಿ ಬೆರಳಿಲೆ ಆ ಗೆರಿ ತೋರಿಸಿದ್ದ, ಇವತ್ತಿಗೂ ಮರ್ತಿಲ್ಲ.

ಭೂಗರ್ಭ_ಮೇಷ್ಟ್ರು · 8:05

ಬಹಳ ಚೆನ್ನಾಗಿ ಹೇಳಿದ್ರಿ. ಕಣಶಿಲೆಗೆ ಹೆಸರಿಡೋದು ಕಣದ ಗಾತ್ರದ ಮೇಲೆ. ಎರಡು ಮಿಲಿಮೀಟರಿಗಿಂತ ದಪ್ಪ ಗುಂಡುಗಳು ಅಂಟಿಕೊಂಡಿದ್ರೆ ಕಾಂಗ್ಲಾಮರೇಟ್, ಎರಡು ಮಿಲಿಮೀಟರಿಂದ ಅದರ ಮೂವತ್ತೆರಡನೇ ಒಂದು ಭಾಗದವರೆಗಿನ ಕಣ ಆದ್ರೆ ಮರಳುಕಲ್ಲು, ಅದಕ್ಕಿಂತ ನುಣುಪು ಕೆಸರು ಗಟ್ಟಿಯಾದ್ರೆ ಜೇಡಿಕಲ್ಲು. ಈ ಅಳತೆಗೋಲನ್ನ 1922ರಲ್ಲಿ ವೆಂಟ್‌ವರ್ತ್ ಅನ್ನೋರು ಕಟ್ಟಿಕೊಟ್ಟಿದ್ದು, ಇವತ್ತಿಗೂ ಅದೇ ನಡೀತಿದೆ. ಗುಂಡುಗುಂಡಾದ ಕಲ್ಲುಗಳ ಕಾಂಗ್ಲಾಮರೇಟ್ ನೋಡ್ಬೇಕಂದ್ರೆ ಚಿತ್ರದುರ್ಗದ ಕಡೆ ತಾಳ್ಯಕ್ಕೆ ಹೋಗಿ.

ಆದ್ರೆ ಸುಣ್ಣದಕಲ್ಲು ಈ ಗಾತ್ರದ ಲೆಕ್ಕಕ್ಕೆ ಬಗ್ಗಲ್ಲ. ಅದನ್ನ ನದಿ ಹೊತ್ತು ತಂದು ಸುರಿದಿದ್ದಲ್ಲ, ನೀರಲ್ಲಿ ಕರಗಿದ್ದ ಕ್ಯಾಲ್ಸಿಯಂ ಅಲ್ಲೇ ಕೆಳಗೆ ಕೂತಿದ್ದು, ಅದಕ್ಕೆ ರಾಸಾಯನಿಕ ಕಣಶಿಲೆ ಅಂತ ಬೇರೆ ಖಾನೆ. ಪಾಠದಲ್ಲಿ ಸುಣ್ಣದಕಲ್ಲು ಅಂದ್ರೆ ಶಂಖ ಚಿಪ್ಪು ಅಂತ ಬರೆದಿರುತ್ತೆ, ಸುಮಾರು ಕಡೆ ಅದು ಸರಿಯೂ ಹೌದು, ಆದ್ರೆ ಪರಸಿ ಕಲ್ಲನ್ನ ಎಷ್ಟು ಒಡೆದರೂ ಕಣ್ಣಿಗೆ ಕಾಣೋ ಚಿಪ್ಪು ಸಿಗಲ್ಲ, ಅಷ್ಟು ಹಳೇದು. ಕಲಾದಗಿ ಸೀಮೆಯ ಹಳೇ ಡಾಲಮೈಟ್ ಕಲ್ಲಲ್ಲಿ (ಡಾಲರೈಟ್ ಅಲ್ಲ, ಇದು ಸುಣ್ಣದಕಲ್ಲಿನ ನೆಂಟ) ಕೋಸುಗಡ್ಡೆ ಕೊಯ್ದ ಹಾಗೆ ಉಂಗುರ ಉಂಗುರ ಕಾಣುತ್ತೆ, ಸ್ಟ್ರೊಮ್ಯಾಟೊಲೈಟ್ ಅಂತಾರೆ, ಆಳವಿಲ್ಲದ ನೀರಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಹಾಸಿಗೆ ಮೇಲೆ ಹಾಸಿಗೆ ಕಟ್ಟಿದ ಗುರುತು.

ತುಮಕೂರು ತಾಯಿ, ನಿಮ್ಮ ಶೆಲ್ಫಿನ ಕಡಪಾ ಕಲ್ಲೂ ಸುಣ್ಣದಕಲ್ಲಿನ ಜಾತಿಯೇ. ಕಪ್ಪು ಅಂತ ಕಟ್ಟೆ ಕಲ್ಲಿನ ಜತೆ ಸೇರಿಸ್ಬೇಡಿ. ಉಳಿದ ತುಂಡಿನ ಮೇಲೆ ಒಂದು ಹನಿ ನಿಂಬೆರಸ ಬಿಟ್ಟು ನೋಡಿ, ಸ್ವಲ್ಪ ಹೊತ್ತಾದ ಮೇಲೆ ಒರೆಸಿ. ಕಟ್ಟೆ ಕಲ್ಲಿನ ತುಂಡಿಗೂ ಹಾಗೇ ಮಾಡಿ. ಟಾಯ್ಲೆಟ್ ಆಸಿಡ್ ಮಾತ್ರ ಮಗು ಕೈಗೆ ಕೊಡ್ಬೇಡಿ.

ಕಡಲ_ಕರೆ · 9:20

ನಮ್ಮ ಊರಿನ ಮುರಕಲ್ಲು ಇದರಲ್ಲಿ ಎಲ್ಲಿ ಬರ್ತದೆ ಹೇಳಿ ಮಾರಾಯ್ರೆ. ಉಡುಪಿ ಮಂಗಳೂರು ಕಡೆ ಮನೆ, ದೈವಸ್ಥಾನ, ಕಂಪೌಂಡು, ಬಾವಿಕಟ್ಟೆ ಎಲ್ಲಾ ಅದರದ್ದೇ. ಕೋರೆಯಲ್ಲಿ ಕಡಿಯುವಾಗ ಒದ್ದೆ ಒದ್ದೆ ಇರ್ತದೆ, ಮೊದಲೆಲ್ಲ ಕೊಡಲಿಯ ಹಾಗಿನ ಹತ್ಯಾರದಲ್ಲೇ ಇಟ್ಟಿಗೆ ಆಕಾರಕ್ಕೆ ಕೆತ್ತುತ್ತಿದ್ದರು, ಈಗ ಮಿಶಿನ್ ಉಂಟು. ಹೊರಗೆ ಹಾಕಿ ಗಾಳಿ ಬಿಸಿಲು ತಾಗಿದ ಮೇಲೆ ವರ್ಷ ಹೋದ ಹಾಗೆ ಗಟ್ಟಿ ಆಗ್ತಾ ಹೋಗ್ತದೆ. ತೂತು ತೂತು ಇರ್ತದೆ, ಅದಕ್ಕೆ ಚಿಕ್ಕ ಮಕ್ಕಳಿರುವಾಗ ಜ್ವಾಲಾಮುಖಿ ಕಲ್ಲು ಅಂತ ನಾವು ನಂಬಿದ್ದು. ಅಗ್ನಿಶಿಲೆಯಾ?

ಸೈಟ್_ಸೂಪರ್‌ವೈಸರ್ · 9:33

ಶಿವಮೊಗ್ಗ ಸಾಗರ ಕಡೆ ಅದನ್ನೇ ಜಂಬಿಟ್ಟಿಗೆ ಅಂತಾರೆ. ನಾನು ಮಣ್ಣು ಗಟ್ಟಿಯಾಗಿ ಆಗಿದ್ದು ಅಂತ ಕೇಳಿದ್ದೆ, ಹಾಗಾದ್ರೆ ಕಣಶಿಲೆ ಅಲ್ವಾ.

ಭೂಗರ್ಭ_ಮೇಷ್ಟ್ರು · 10:10

ಎರಡೂ ಅಲ್ಲ. ಈ ಪ್ರಶ್ನೆ ಬಂದಿದ್ದು ನನಗೆ ಬಹಳ ಖುಷಿ, ಯಾಕಂದ್ರೆ ಮೂರು ಖಾನೆ ಮಾಡಿ ಕೂತ್ಕೊಂಡ್ರೆ ಮುರಕಲ್ಲು ಮೂರರಲ್ಲೂ ಕೂರಲ್ಲ. ಅದು ಹರಿದು ಬಂದಿದ್ದಲ್ಲ, ಕರಗಿ ಆರಿದ್ದಲ್ಲ, ಇದ್ದ ಜಾಗದಲ್ಲೇ ಇದ್ದ ಕಲ್ಲು ಕೊಳೆತು ಉಳಿದ ಶೇಷ. ಕರಾವಳಿಯ ಮಳೆ, ಸೆಕೆ ಎರಡೂ ಸೇರಿ ಲಕ್ಷಾಂತರ ವರ್ಷ ಕೆಳಗಿನ ಕಲ್ಲಿನಿಂದ ಸೋಡಿಯಂ, ಪೊಟ್ಯಾಶಿಯಂ, ಕ್ಯಾಲ್ಸಿಯಂ, ಆಮೇಲೆ ಸಿಲಿಕಾವನ್ನೂ ತೊಳೆದು ಹೊತ್ಕೊಂಡು ಹೋಗುತ್ತೆ. ನೀರಿಗೆ ಸುಲಭಕ್ಕೆ ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳ್ಕೊಳುತ್ತೆ. ಕಬ್ಬಿಣದ ತುಕ್ಕಿನ ಬಣ್ಣವೇ ಅದರ ಬಣ್ಣ. ಕಡಿದು ಹೊರಗಿಟ್ಟಾಗ ಒಳಗಿನ ನೀರು ಆರಿ ಕಬ್ಬಿಣದ ಅಂಶ ಬಿಗಿಯಾಗಿ ಹಿಡ್ಕೊಳುತ್ತೆ, ಅದಕ್ಕೇ ಗಟ್ಟಿಯಾಗೋದು. ನಿಮ್ಮಲ್ಲಿ ಬಾವಿ ತೋಡುವಾಗ ಮುರಕಲ್ಲು ದಾಟಿದ ಮೇಲೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆತ್ತನೆ ಶೇಡಿ ಮಣ್ಣು ಸಿಗುತ್ತಲ್ಲ, ಅದು ಅರ್ಧ ಕೊಳೆತ ಹಂತ, ಅದರಡಿ ಇನ್ನೂ ಕೊಳೆಯದ ಮೂಲ ಕಲ್ಲು. ಒಂದೇ ಬಾವಿಯ ಗೋಡೆಯಲ್ಲಿ ಮೂರೂ ಹಂತ ನೋಡಬಹುದು.

ಈ ಕಲ್ಲಿಗೆ ಲ್ಯಾಟರೈಟ್ ಅನ್ನೋ ಹೆಸರು ಜಗತ್ತಿಗೆ ಹೋಗಿದ್ದೇ ನಮ್ಮ ಪಶ್ಚಿಮ ಕರಾವಳಿಯಿಂದ. ಈಸ್ಟ್ ಇಂಡಿಯಾ ಕಂಪನಿಗೆ ಈ ಸೀಮೆ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರಂನಲ್ಲಿ ಜನ ಇದನ್ನ ಇಟ್ಟಿಗೆ ಹಾಗೆ ಕೊಯ್ಯೋದು ನೋಡಿ, ಲ್ಯಾಟಿನ್ನಿನ ಇಟ್ಟಿಗೆ ಅನ್ನೋ ಪದದಿಂದ ಹೆಸರಿಟ್ಟು 1807ರಲ್ಲಿ ಪ್ರಕಟಿಸಿದ್ರು. ನಮ್ಮ ಮಲೆನಾಡಿನೋರ ಜಂಬಿಟ್ಟಿಗೆ ಅನ್ನೋ ಮಾತಲ್ಲೂ ಇಟ್ಟಿಗೆ ಇದೆ ನೋಡಿ.

ಕಡಲ_ಕರೆ · 10:22

ಶೇಡಿ ಮಣ್ಣು ಅಂತ ಹೇಳಿದ್ದು ಕೇಳಿ ಎಷ್ಟು ಸಂತೋಷ ಆಯ್ತು ಗೊತ್ತುಂಟಾ. ನಮ್ಮ ಮನೆ ಬಾವಿ ತೆಗೆಯುವಾಗ ಅದೇ ಕುಸಿದು ಮತ್ತೆ ರಿಂಗ್ ಹಾಕಿದ್ದು. ಅದು ಕೊಳೆತ ಕಲ್ಲು ಅಂತ ಗೊತ್ತೇ ಇರ್ಲಿಲ್ಲ.

ಮತ್ತೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬದ ಹಾಗಿನ ಕಲ್ಲು ಬಸಾಲ್ಟ್ ಅಂತ ಎಲ್ಲ ಕಡೆ ಬರೆಯುತ್ತಾರೆ, ಅದು ಸರಿಯಾ?

ಕೋಲಾರ_ಕೆಂಪಣ್ಣ · 10:41

ಬಸಾಲ್ಟೇ ಅದು. ಡೆಕ್ಕನ್ ಟ್ರ್ಯಾಪ್ ಲಾವಾ ಅಲ್ಲಿವರೆಗೂ ಹರಿದಿದ್ದು.

ಭೂಗರ್ಭ_ಮೇಷ್ಟ್ರು · 11:15

ಕೆಂಪಣ್ಣೋರೆ, ಅದು ಡೆಕ್ಕನ್ ಟ್ರ್ಯಾಪ್ ಅಲ್ಲ. ಡೆಕ್ಕನ್ ಟ್ರ್ಯಾಪಿನ ಲಾವಾ ಸುಮಾರು 6.6 ಕೋಟಿ ವರ್ಷದ್ದು, ವಿಜಯಪುರ, ಬೆಳಗಾವಿ, ಬೀದರ್ ಕಡೆ ಇರೋದು. ಗೋಲಗುಮ್ಮಟ ಕಟ್ಟಿರೋದು ಆ ಬಸಾಲ್ಟಲ್ಲಿ, ಅಲ್ಲಿನ ಎರೆ ಮಣ್ಣೂ ಆ ಕಲ್ಲು ಕೊಳೆತೇ ಆಗಿದ್ದು. ಮಲ್ಪೆ ದ್ವೀಪದ ಲಾವಾ ಸುಮಾರು 8.8 ಕೋಟಿ ವರ್ಷದ್ದು, ಮಡಗಾಸ್ಕರ್ ನಮ್ಮಿಂದ ಕಿತ್ತುಕೊಂಡು ಹೋದ ಕಾಲದ್ದು. ರಾಸಾಯನಿಕವಾಗಿ ನೋಡಿದ್ರೆ ಸಿಲಿಕಾ ಬಸಾಲ್ಟಿಗಿಂತ ಬಹಳ ಜಾಸ್ತಿ, ರಯೋಲೈಟ್ ಡೇಸೈಟ್ ಬಳಗಕ್ಕೆ ಸೇರುತ್ತೆ. ಕಂಬ ಕಂಬ ಸೀಳಿದೆ ಅಂತ ಬಸಾಲ್ಟ್ ಅನ್ನೋಕಾಗಲ್ಲ, ಯಾವುದೇ ಲಾವಾ ದಪ್ಪಕ್ಕೆ ನಿಂತು ಮೇಲಿಂದ ಕೆಳಗೆ ಸಮನಾಗಿ ಆರ್ತಾ ಕುಗ್ಗಿದ್ರೆ ಹಾಗೆ ಸೀಳುತ್ತೆ, ಕೆರೆ ತಳದ ಕೆಸರು ಒಣಗಿ ಬಿರುಕು ಬಿಡುತ್ತಲ್ಲ ಹಾಗೆ.

ಲಾವಾ ನೀರಿನೊಳಗೆ ಆರಿದ್ರೆ ಬೇರೆಯದೇ ರೂಪ. ಚಿತ್ರದುರ್ಗ ಹತ್ರ ಮರಡಿಹಳ್ಳಿಗೆ ಹೋಗಿ ನೋಡಿ, ದಿಂಬು ಪೇರಿಸಿಟ್ಟ ಹಾಗೆ ಹಸಿರು ಛಾಯೆಯ ಕಲ್ಲು. ಸಮುದ್ರದ ತಳದಲ್ಲಿ ಲಾವಾ ಉಕ್ಕಿ, ತಣ್ಣೀರು ತಾಗಿ ಹೊರಮೈ ತಕ್ಷಣ ಗಟ್ಟಿಯಾಗಿ, ಒಳಗಿನದು ಚೀಲದ ಹಾಗೆ ಉಬ್ಬಿ, ಅದರ ಮೇಲೆ ಇನ್ನೊಂದು. ಬಯಲುಸೀಮೆ ನಡುವೆ ನಿಂತು ಒಂದು ಕಾಲಕ್ಕೆ ಇಲ್ಲಿ ಸಮುದ್ರ ಇತ್ತು ಅಂತ ಹೇಳೋಕೆ ಅದಕ್ಕಿಂತ ಸಾಕ್ಷಿ ಬೇಕಾ.

ಕೋಲಾರ_ಕೆಂಪಣ್ಣ · 11:30

ತಿದ್ದಿದ್ದಕ್ಕೆ ವಂದನೆ ಮೇಷ್ಟ್ರೇ. ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು, 2001ರಲ್ಲಿ ಮುಚ್ಚೋವರೆಗೂ ಇದ್ರು. ಅವರು ತಂದಿಟ್ಟ ಒಂದು ಕಲ್ಲು ಮನೇಲಿದೆ. ಕಡು ಹಸಿರು ಕಪ್ಪು, ಹಾಳೆ ಹಾಳೆ ಹಾಗೆ, ನಡುವೆ ಬಿಳೀ ಬೆಣಚಿನ ಪಟ್ಟಿ. ಚಿನ್ನ ಇರೋದು ಆ ಬೆಣಚಲ್ಲಿ, ಕಪ್ಪು ಕಲ್ಲಲ್ಲಲ್ಲ ಅಂತಿದ್ರು. ಆ ಕಪ್ಪು ಯಾವುದು?

ಭೂಗರ್ಭ_ಮೇಷ್ಟ್ರು · 11:52

ಅದು ಹಾರ್ನ್‌ಬ್ಲೆಂಡ್ ಶಿಸ್ಟ್, ಅಂದ್ರೆ ಹಾರ್ನ್‌ಬ್ಲೆಂಡ್ ಅನ್ನೋ ಕಡು ಬಣ್ಣದ ಖನಿಜ ತುಂಬಿದ ಹಾಳೆ ಹಾಳೆ ಕಲ್ಲು. ಈಗಷ್ಟೇ ಹೇಳಿದ ಬಸಾಲ್ಟ್ ಲಾವಾ ಇದೆಯಲ್ಲ, ಅದು ಮತ್ತೆ ಭೂಮಿಯೊಳಗೆ ಆಳಕ್ಕೆ ಹೂತುಹೋಗಿ, ಕಾವು ಒತ್ತಡ ಎರಡನ್ನೂ ತಿಂದು, ಕರಗದೆ, ಗಟ್ಟಿ ರೂಪದಲ್ಲೇ ಒಳಗಿನ ಖನಿಜ ಬದಲಾಗಿ ಆಗಿದ್ದು. ರೂಪಾಂತರ ಶಿಲೆ ಅಂದ್ರೆ ಇದೇ. ಹಸಿ ಮಡಕೆಯನ್ನ ಆವಿಗೆಗೆ ಹಾಕಿ ಸುಟ್ರೆ ಮಡಕೆ ಕರಗಲ್ಲ, ಆಕಾರ ಹಾಗೇ ಇರುತ್ತೆ, ಆದ್ರೆ ವಾಪಸ್ ಮಣ್ಣಾಗಲ್ಲ. ಬಹಳ ವಿದ್ಯಾರ್ಥಿಗಳು ಕಾವಿಗೆ ಕರಗಿ ಆಗಿದ್ದು ಅಂತ ಬರೆದು ಅಂಕ ಕಳ್ಕೋತಾರೆ, ಪೂರ್ತಿ ಕರಗಿದ್ರೆ ಅದು ಮತ್ತೆ ಅಗ್ನಿಶಿಲೆಯ ಖಾನೆಗೆ ಹೋಯ್ತು.

ಒತ್ತಡ ಒಂದೇ ದಿಕ್ಕಿಂದ ಬಿದ್ರೆ ಚಪ್ಪಟೆ ಖನಿಜಗಳೆಲ್ಲ ಒಂದೇ ಕಡೆ ಮಲಗಿ ಹಾಳೆ ಕಟ್ಟುತ್ತೆ. ಜೇಡಿಕಲ್ಲು ಸ್ವಲ್ಪ ಒತ್ತಿದ್ರೆ ಸ್ಲೇಟು, ನಾವು ಬಳಪದಲ್ಲಿ ಬರೀತಿದ್ದ ಹಲಗೆ ಕಲ್ಲು. ಇನ್ನೂ ಒತ್ತಿದ್ರೆ ಫಿಲೈಟ್, ಆಮೇಲೆ ಮಿಣಮಿಣ ಶಿಸ್ಟ್, ಕೊನೆಗೆ ಪಟ್ಟೆ ಪಟ್ಟೆ ನೈಸ್. ಸುಣ್ಣದಕಲ್ಲು ಬೆಂದ್ರೆ ಅಮೃತಶಿಲೆ, ಮರಳುಕಲ್ಲು ಬೆಂದ್ರೆ ಕ್ವಾರ್ಟ್ಜೈಟ್. ಬೇಲೂರು ಹಳೇಬೀಡಿನ ಬಳಪದ ಕಲ್ಲೂ ರೂಪಾಂತರವೇ, ಕ್ಲೋರೈಟ್ ತುಂಬಿದ ಶಿಸ್ಟ್, ಮೆತ್ತಗಿರೋದ್ರಿಂದ್ಲೇ ಹೊಯ್ಸಳರ ಶಿಲ್ಪಿಗಳು ಕಂಬಗಳನ್ನ ಚರಕಿ ಮೇಲೆ ತಿರುಗಿಸಿ ಉಂಗುರ ಬಿಡಿಸಿದ್ದು, ಮೈಮೇಲಿನ ಒಡವೆಯ ಕಾಳು ಕಾಳೂ ಕೆತ್ತಿದ್ದು. ಗ್ರಾನೈಟಲ್ಲಿ ಆ ನಾಜೂಕು ಬರಲ್ಲ. ಹಂಪಿ ಗ್ರಾನೈಟ್ ನಾಡು, ಅಲ್ಲಿನ ಕೆತ್ತನೆಯ ಗಾಂಭೀರ್ಯವೇ ಬೇರೆ.

ಉಳಿ_ಸುತ್ತಿಗೆ · ಸಂಜೆ 4:30

ನಾನು ಕಲ್ಲು ಕೆಲಸದವರ ಮನೆಯವನು, ನಮ್ಮಜ್ಜ ದೇವನಹಳ್ಳಿ ಕಡೆ ಬಂಡೆ ಕೆಲಸ ಮಾಡ್ತಿದ್ರು. ಪುಸ್ತಕದ ಹೆಸರು ಯಾವ್ದೂ ಅವರಿಗೆ ಗೊತ್ತಿರ್ಲಿಲ್ಲ ಆದ್ರೆ ಕಲ್ಲನ್ನ ಅವರಷ್ಟು ಬಲ್ಲೋರನ್ನ ನಾನು ನೋಡಿಲ್ಲ. ಬಂಡೆ ಮೇಲೆ ಸೌದೆ ಹರಡಿ ಬೆಂಕಿ ಹಾಕಿ, ಆ ಬೆಂಕಿಯನ್ನ ನಿಧಾನಕ್ಕೆ ಮುಂದೆ ಮುಂದೆ ಸರಿಸ್ಕೊಂಡು ಹೋಗ್ತಿದ್ರು, ಹಿಂದಿಂದ ಒಬ್ಬರು ಸುತ್ತಿಗೇಲಿ ತಟ್ತಾ ಶಬ್ದ ಕೇಳ್ತಾ ಬರೋರು. ಕಲ್ಲು ಇನ್ನೂ ಬಂಡೆಗೆ ಅಂಟಿದ್ರೆ ಖಣ್ ಅಂತ ಬಿಗಿ ಶಬ್ದ, ಹಾಸು ಎದ್ದಿದ್ರೆ ಡಬ ಡಬ ಅಂತ ಪೊಳ್ಳು ಶಬ್ದ. ಅಂಗಳದಷ್ಟಗಲ ಹಾಸು ಅಂಗೈ ಉದ್ದ ದಪ್ಪದಲ್ಲಿ ಎದ್ದು ಬರ್ತಿತ್ತು. ಆಮೇಲೆ ಸಾಲಾಗಿ ಕುಳಿ ಹೊಡ್ದು ಬೆಣೆ ಇಟ್ಟು ಕಂಬ, ಚಪ್ಪಡಿ ಮಾಡೋದು. ಆ ಕಡೆ ಹೊಲದ ಬೇಲಿಗೆಲ್ಲ ಕಲ್ಲುಕಂಬ ನೆಟ್ಟಿರ್ತಾರಲ್ಲ, ಅದೇ.

ಅಜ್ಜ ಯಾವಾಗ್ಲೂ ಕಲ್ಲಿಗೆ ಒಂದು ವಾಟ ಇರುತ್ತೆ, ವಾಟ ನೋಡ್ದೆ ಉಳಿ ಇಟ್ರೆ ಕಲ್ಲು ಕೆಡುತ್ತೆ ಅಂತಿದ್ರು. ಈಗ ಮೇಷ್ಟ್ರು ಖನಿಜ ಎಲ್ಲಾ ಒಂದೇ ಕಡೆ ಮಲಗಿರುತ್ತೆ ಅಂದಿದ್ದು ಓದಿ ಎದೆ ಝಲ್ ಅಂತು, ಅಜ್ಜ ಹೇಳ್ತಿದ್ದ ವಾಟ ಅದೇ ಇರ್ಬೇಕು. ದೇವರ ವಿಗ್ರಹಕ್ಕೆ ಕಲ್ಲು ಆರಿಸೋ ಶಿಲ್ಪಿಗಳಲ್ಲಿ ಗಂಡು ಶಿಲೆ, ಹೆಣ್ಣು ಶಿಲೆ, ನಪುಂಸಕ ಶಿಲೆ ಅಂತ ಮೂರು ಜಾತಿ ಇದೆ, ಅದನ್ನೂ ತಟ್ಟಿ ಶಬ್ದದಿಂದ್ಲೇ ಹೇಳ್ತಾರೆ, ಗಂಟೆ ಹಾಗೆ ನಾದ ಬಂದ್ರೆ ಗಂಡು. ಅದೂ ಒಂದು ವಿಂಗಡಣೆ ತಾನೇ?

ಭೂಗರ್ಭ_ಮೇಷ್ಟ್ರು · 5:05

ಖಂಡಿತ ವಿಂಗಡಣೆ. ಒಳಗೆ ಬಿರುಕಿದ್ರೆ, ಹವೆ ತಿಂದು ಸಡಿಲ ಆಗಿದ್ರೆ ನಾದ ಸತ್ತುಹೋಗುತ್ತೆ, ಕೆಲಸಕ್ಕೆ ಕಲ್ಲು ಆರಿಸೋರಿಗೆ ಬೇಕಾದ್ದು ಅದೇ. ಪ್ರಶ್ನೆ ಬೇರೆ ಆದಾಗ ವಿಂಗಡಣೆ ಬೇರೆ ಆಗುತ್ತೆ. ವ್ಯಾಪಾರಿ ಕೇಳೋದು ಪಾಲಿಶ್ ಹಿಡಿಯುತ್ತಾ ಅಂತ, ಶಿಲ್ಪಿ ಕೇಳೋದು ಒಳಗೆ ಗಟ್ಟಿ ಇದೆಯಾ ಅಂತ, ನಾವು ಕೇಳೋದು ಹುಟ್ಟಿದ್ದು ಹೇಗೆ ಅಂತ. ವಾಟದ ಬಗ್ಗೆಯೂ ನಿಮ್ಮ ಅಜ್ಜ ಹೇಳಿದ್ದು ನಿಜ, ಹೆಚ್ಚು ಕಮ್ಮಿ ಎಲ್ಲ ಕಲ್ಲಿಗೂ ಸುಲಭಕ್ಕೆ ಸೀಳೋ ಒಂದು ದಿಕ್ಕು ಇರುತ್ತೆ.

ಎಡಿನ್‌ಬರಾ_ಕನ್ನಡಿಗ · 8:40

ನಾನು ಇಲ್ಲಿ ಓದಕ್ಕೆ ಬಂದು ಎರಡು ವರ್ಷ. ಈ ಚರ್ಚೆ ಓದ್ತಾ ಓದ್ತಾ ಒಂದು ಹೇಳ್ಲೇಬೇಕು ಅನ್ನಿಸ್ತು, ಯಾಕಂದ್ರೆ ನಮ್ಮ ರೂಮಿನಿಂದ ಕಾಣೋ ಸಾಲಿಸ್ಬರಿ ಕ್ರಾಗ್ಸ್ ಅನ್ನೋ ಕಡಿದಾದ ಬಂಡೆ ಸಾಲೂ ಡಾಲರೈಟೇ, ಅಕ್ಕ ಅವರ ಅಡುಗೆಮನೆ ಕಟ್ಟೆ ಕಲ್ಲು. ಸುಮಾರು 240 ವರ್ಷದ ಹಿಂದೆ ಯೂರೋಪಲ್ಲಿ ಗ್ರಾನೈಟು, ಬಸಾಲ್ಟು ಎಲ್ಲ ಆದಿಕಾಲದ ಸಮುದ್ರದ ನೀರಿಂದ ಕೆಳಗೆ ಕೂತು ಆಗಿದ್ದು ಅಂತ ಬಹಳ ಜನ ನಂಬಿದ್ರು, ಜರ್ಮನಿಯ ಫ್ರೈಬರ್ಗಿನ ವೆರ್ನರ್ ಆ ವಾದದ ದೊಡ್ಡ ಗುರು. ಜೇಮ್ಸ್ ಹಟನ್ ಇದೇ ಊರಿನವರು, ಕ್ರಾಗ್ಸ್ ಬುಡದಲ್ಲಿ ಡಾಲರೈಟು ಕೆಳಗಿನ ಕಣಶಿಲೆಯ ಪದರವನ್ನ ಮೇಲಕ್ಕೆ ಬಗ್ಗಿಸಿ ಕಿತ್ತು ಒಳಗೆ ನುಗ್ಗಿರೋದನ್ನ ತೋರಿಸಿ, ನೀರಿಂದ ಕೂತಿದ್ದಾದ್ರೆ ಹೀಗೆ ನುಗ್ಗೋಕೆ ಸಾಧ್ಯಾನಾ, ಇದು ಕರಗಿದ ರೂಪದಲ್ಲಿ ಬಂದಿದ್ದು ಅಂದ್ರು. 1785ರಲ್ಲಿ ಗ್ಲೆನ್ ಟಿಲ್ಟ್ ಅನ್ನೋ ಕಣಿವೆಯಲ್ಲಿ ಕೆಂಪು ಗ್ರಾನೈಟಿನ ನರಗಳು ಹಳೇ ಕಲ್ಲಿನೊಳಗೆ ಹೊಕ್ಕಿರೋದನ್ನೂ ಕಂಡ್ರು. ಅವರ ಗೆಳೆಯ ಜೇಮ್ಸ್ ಹಾಲ್ 1790ರ ದಶಕದಲ್ಲಿ ಈ ಕಪ್ಪು ಕಲ್ಲನ್ನ ಕುಲುಮೇಲಿ ಕರಗಿಸಿ ಬೇಗ ಆರಿಸಿದಾಗ ಗಾಜು ಬಂತು, ನಿಧಾನಕ್ಕೆ ಆರಿಸಿದಾಗ ಮತ್ತೆ ಹರಳು ಹರಳಾದ ಕಲ್ಲು ಬಂತು. ಮೇಷ್ಟ್ರು ಹೇಳಿದ ಕಲ್ಲುಸಕ್ಕರೆ ಲೆಕ್ಕ ಮೊದಲು ಸಾಬೀತಾಗಿದ್ದು ಹಾಗೆ. ಆ ಜಾಗಕ್ಕೆ ಹಟನ್ಸ್ ಸೆಕ್ಷನ್ ಅಂತ ಹೆಸರಿದೆ, ನಾನು ವಾರಕ್ಕೊಂದ್ಸಲ ಹೋಗಿ ಆ ಬಗ್ಗಿದ ಪದರ ಮುಟ್ಟಿ ಬರ್ತೀನಿ.

ಭೂಗರ್ಭ_ಮೇಷ್ಟ್ರು · 9:30

ನೀವು ಅಲ್ಲಿರೋದು ಪುಣ್ಯ ಕಣಪ್ಪ, ನಾನು ಅದನ್ನ ಚಿತ್ರದಲ್ಲಷ್ಟೇ ನೋಡಿ ಪಾಠ ಮಾಡ್ದೋನು.

ಇನ್ನೊಂದು ಸಂಗತಿ ಹೇಳ್ಬೇಕು. ಅಗ್ನಿಯೋ ರೂಪಾಂತರವೋ ಅನ್ನೋ ಜಗಳ ಎಲ್ಲ ಕಲ್ಲಿಗೂ ಮುಗಿದಿಲ್ಲ. ಕಲ್ಕತ್ತಾದಲ್ಲಿರೋ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್ ಸಮಾಧಿಗೆ ಮದರಾಸಿನ ಕಡೆಯ ಒಂದು ಕಪ್ಪು ಛಾಯೆಯ ಕಲ್ಲು ಹಾಕಿದಾರೆ, ಹಾಲೆಂಡ್ ಅನ್ನೋ ಭೂವಿಜ್ಞಾನಿ 1893ರಲ್ಲಿ ಆ ಕಲ್ಲಿಗೆ ಚಾರ್ನಾಕೈಟ್ ಅಂತ ಹೆಸರಿಟ್ರು. ನಮ್ಮ ಬಿಳಿಗಿರಿರಂಗನ ಬೆಟ್ಟ ಅದರದ್ದೇ. ಖನಿಜ ನೋಡಿದ್ರೆ ಗ್ರಾನೈಟಿನ ತಮ್ಮನ ಹಾಗಿದೆ, ಅದಕ್ಕೆ ಅಗ್ನಿಶಿಲೆ ಅಂದವರಿದಾರೆ. ಆದ್ರೆ ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಕ್ವಾರಿಯಲ್ಲಿ ನಿಂತು ನೋಡಿದ್ರೆ ಬೂದು ನೈಸ್ ಕಲ್ಲಿನ ನಡುವೆ ಕಲೆ ಕಲೆಯಾಗಿ ಕಡು ಬಣ್ಣದ ಚಾರ್ನಾಕೈಟ್, ನೈಸಿನ ಪಟ್ಟೆಗಳು ಆ ಕಲೆಯೊಳಗೆ ಹೋಗ್ತಾ ಹೋಗ್ತಾ ಮಾಸಿಹೋಗಿವೆ. ಅಲ್ಲಿ ಒಂದು ಕಲ್ಲು ಇನ್ನೊಂದಾಗ್ತಿರೋದು ಅರ್ಧಕ್ಕೆ ನಿಂತ ಹಾಗೆ ಕಾಣುತ್ತೆ. ಪ್ರಪಂಚದ ಎಲ್ಲೆಲ್ಲಿಂದಲೋ ಜನ ಅದನ್ನ ನೋಡಕ್ಕೆ ಬಂದಿದಾರೆ. ವಿದ್ಯಾರ್ಥಿಗಳನ್ನ ಅಲ್ಲಿಗೆ ಕರ್ಕೊಂಡು ಹೋದಾಗೆಲ್ಲ ಪುಸ್ತಕ ಮುಚ್ಚಿಡಿ ಅಂತಿದ್ದೆ.

ತುಮಕೂರು ತಾಯಿ, ಬೆಂಗಳೂರಿಗೆ ಬಂದ್ರೆ ಮಗಳನ್ನ ಲಾಲ್‌ಬಾಗ್ ಬಂಡೆ ಹತ್ತಿಸಿ. ಕೆಂಪೇಗೌಡರ ಗೋಪುರ ನಿಂತಿರೋ ಆ ಬಂಡೆ ಸುಮಾರು 300 ಕೋಟಿ ವರ್ಷದ ಪೆನಿನ್ಸುಲಾರ್ ನೈಸ್. ಮೇಲೆ ಹೋಗಿ ಊರು ನೋಡಿ ಇಳಿದು ಬರ್ಬೇಡಿ, ಕೂತು ಕಾಲ ಬುಡದಲ್ಲಿ ನೋಡಿ, ಬಿಳಿ ಪಟ್ಟೆ ಕರಿ ಪಟ್ಟೆ ಹೇಗೆ ಬಳುಕಿದೆ ಅಂತ. ವಾಪಸ್ ಹೋಗುವಾಗ ರಾಮನಗರದ ದಾರಿ ಹಿಡಿದು ಸುತ್ತಿ ಹೋದ್ರೆ ಅಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್, ಊರಿನ ಹಳೇ ಹೆಸರೇ ಕಲ್ಲಿಗೂ ಬಂದಿದ್ದು, ಸುಮಾರು 250 ಕೋಟಿ ವರ್ಷ. ಗುಲಾಬಿ ಫೆಲ್ಡ್‌ಸ್ಪಾರ್ ಹರಳು ಹೆಬ್ಬೆರಳ ಉಗುರಿನಷ್ಟು ದಪ್ಪ ಸಿಗುತ್ತೆ. ಗ್ರಾನೈಟ್ ಹೇಗಿರ್ಬೇಕು ಅಂತ ಅವಳು ಕೇಳಿದ್ದಳಲ್ಲ, ಹಾಗಿರ್ಬೇಕು.

ತುಮಕೂರು_ಅಮ್ಮ · ಸೋಮವಾರ ಸಂಜೆ 6:20

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಮೇಸ್ತ್ರಿ ಹತ್ರ ಕೇಳಿ ಸಿಂಕಿನ ತುಂಡು ಒಡೆಸಿದ್ವಿ. ಭೂತಗನ್ನಡೀಲಿ ಮೊದ್ಲು ಏನೂ ಕಾಣ್ಲಿಲ್ಲ, ಮಗಳು ಅಂಗಳಕ್ಕೆ ತಗೊಂಡ್ಹೋಗಿ ಬಿಸಿಲಿಗೆ ವಾರೆ ಮಾಡಿ ಹಿಡಿದ ಮೇಲೆ ಕಡ್ಡಿಗಳು ಮಿಂಚಿದ್ವು, ಅಕ್ಕಿ ನುಚ್ಚಿಗಿಂತ ಸಣ್ಣ, ಒಂದಕ್ಕೊಂದು ಅಡ್ಡ ಬಿದ್ದಿರೋ ಹಾಗೆ. ಹಳೇ ಸ್ಪೀಕರಿನ ಅಯಸ್ಕಾಂತ ಭಾರ ಆಯ್ತು, ಪರ್ಸಿನ ಗುಂಡಿಯದ್ದು ಬಿಚ್ಚಿ ದಾರಕ್ಕೆ ಕಟ್ಟಿದಾಗ ಸ್ವಲ್ಪ ವಾಲ್ತು, ಅವಳು ಕಿರುಚ್ಕೊಂಡ್ಲು. ನಿಂಬೆರಸ ಕಡಪಾ ಕಲ್ಲಿನ ಮೇಲೆ ಬಿಟ್ಟು ಐದು ನಿಮಿಷಕ್ಕೆ ಒರೆಸಿದ್ರೆ ಹನಿ ಬಿದ್ದಷ್ಟೇ ಜಾಗ ಹೊಳಪು ಹೋಗಿ ಬೂದು ಆಗಿತ್ತು, ಕಟ್ಟೆ ಕಲ್ಲಿಗೆ ಏನೂ ಆಗ್ಲಿಲ್ಲ. ಇನ್ಮೇಲೆ ಉಪ್ಪಿನಕಾಯಿ ಜಾಡಿ ಶೆಲ್ಫಲ್ಲಿ ಇಡಲ್ಲ, ಕಟ್ಟೆ ಮೇಲೇ.

ಮೂರು ತುಂಡಿಗೂ ಕಾಗದ ಅಂಟಿಸಿ ಡಾಲರೈಟ್, ಸುಣ್ಣದಕಲ್ಲು, ಸುಣ್ಣದಕಲ್ಲು ಅಂತ ಬರೆದು ಸ್ಕೂಲಿಗೆ ತಗೊಂಡು ಹೋಗಿದ್ಲು. ಈಗ ಹಿತ್ತಲಲ್ಲಿರೋ ನಮ್ಮತ್ತೆಯವರ ಒರಳುಕಲ್ಲಿನ ಮುಂದೆ ಕೂತಿದಾಳೆ, ಬಿಳಿ ಕರಿ ಪಟ್ಟೆ ಇದೆ ಅಂತಾಳೆ, ಗುಂಡಿಯೊಳಗೆ ನುಣುಪಾಗಿರೋ ಕಡೆ ಚೆನ್ನಾಗಿ ಕಾಣುತ್ತೆ. ನೈಸ್ ಇರ್ಬಹುದಾ ಮೇಷ್ಟ್ರೇ? ಫೋಟೋ ಹಾಕ್ತೀನಿ, ತೊಳೆದ ಮೇಲೆ.